ಹೊಗೆ ಬಂದರೆ ಬಾಗಿಲು ತೆಗೆಯಬೇಡಿ ಎಂದು ಕನ್ನಡದಲ್ಲಿ ಬರೆಯಿರಿ: ಮೈಕ್ರೋವೇವ್ ಮಾಡುವವರಿಗೆ, ಮಾರುವವರಿಗೆ ಒಂದು ಬಹಿರಂಗ ಪತ್ರ

ಮೈಕ್ರೋವೇವ್ ಮತ್ತು ಓವನ್ ತಯಾರಿಸುವ ಎಲ್ಲ ಕಂಪನಿಗಳ ಮುಖ್ಯಸ್ಥರಿಗೆ ಹಾಗೂ ಅವನ್ನು ಮಾರುವ ಅಂಗಡಿಯವರಿಗೆ,

ಮಾನ್ಯರೇ,

ನಾನು ಶಿವಮೊಗ್ಗದವಳು. ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಗಾಳಿ ಸಿಗದೆ ಉರಿ ಆರುವುದನ್ನು ಎಷ್ಟು ಮಕ್ಕಳಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ. ಅಂಥವಳು, ಕಳೆದ ಜನವರಿಯ ಒಂದು ಸಂಜೆ ನಮ್ಮ ಮನೆಯ ಮೈಕ್ರೋವೇವ್ ಒಳಗೆ ಹೊಗೆ ಕಂಡಾಗ ಮಾಡಿದ ಮೊದಲ ಕೆಲಸ, ಓಡಿಹೋಗಿ ಅದರ ಬಾಗಿಲು ತೆಗೆದದ್ದು.

ಒಳಗೆ ಬರೀ ಹೊಗೆಯಾಡುತ್ತಿದ್ದ ಶಾಖದ ಗಂಟು ಭಗ್ ಎಂದು ಹತ್ತಿಕೊಂಡಿತು. ನನ್ನ ಬಲಗಡೆಯ ಹುಬ್ಬು, ಮುಂದಲೆಯ ಕೂದಲು ಸೀದುಹೋದವು. ಬೆರಳುಗಳಲ್ಲಿ ಬೊಬ್ಬೆ ಎದ್ದವು. ಅಷ್ಟಕ್ಕೇ ಮುಗಿದದ್ದು ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕನಿಂದ. ಚಪಾತಿ ಲಟ್ಟಿಸುತ್ತಿದ್ದವರು ಹಾಗೇ ಬಂದು, ಲಟ್ಟಣಿಗೆಯಿಂದ ಬಾಗಿಲನ್ನು ದೂಡಿ ಮುಚ್ಚಿದರು. ಕೈಯೆಲ್ಲ ಹಿಟ್ಟು, ಹಾಗಾಗಿ ಗೋಡೆಯ ಸ್ವಿಚ್ಚನ್ನು ಮೊಣಕೈಯಿಂದ ಆರಿಸಿದರು. ಅಮ್ಮನೂ ಸೇರಿ ನಾವು ಮೂವರೂ ನೋಡುತ್ತ ನಿಂತ ಹಾಗೇ ಒಳಗಿನ ಉರಿ ಸಣ್ಣಗಾಗಿ, ಕೆಂಪಾಗಿ, ಆರಿತು. ನಾನು ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ನಿಂತಿದ್ದಾಗ ಅವರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಉರಿ ಎದ್ರೆ ಮುಚ್ತೀವಿ ಅಲ್ವಾ ಟೀಚರೇ? ಯಾರಾದ್ರೂ ತೆಗೀತಾರಾ?"

ಅವರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸೌದೆ ಒಲೆ ನೋಡಿಕೊಂಡು ಬೆಳೆದವರು.

ಆ ಗಂಟಿನ ಕಥೆ ಹೇಳಬೇಕು, ಏಕೆಂದರೆ ನಿಮಗೆ ನಾನು ಕೇಳಬೇಕಾಗಿರುವುದೆಲ್ಲ ಅದರಲ್ಲೇ ಇದೆ. ನಮ್ಮ ಅಮ್ಮನಿಗೆ 84 ವರ್ಷ. ಮಂಡಿ ನೋವು. ಚಳಿ ಶುರುವಾದರೆ ತೌಡಿಗೆ ಒಂದು ಹಿಡಿ ಓಮ ಸೇರಿಸಿ, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತೇವೆ. ಮೊದಲೆಲ್ಲ ಗಂಟನ್ನು ಕಾದ ಹೆಂಚಿಗೆ ಒತ್ತಿ ಒತ್ತಿ ಬಿಸಿ ಮಾಡುತ್ತಿದ್ದೆವು. ಬಟ್ಟೆ ಕಂದಿದ ವಾಸನೆ ಬಂದರೆ ತೆಗೆದುಬಿಡುತ್ತಿದ್ದೆವು. ಮೈಕ್ರೋವೇವ್ ಬಂದ ಮೇಲೆ ಒಂದು ನಿಮಿಷ ಇಟ್ಟರೆ ಸಾಕಾಯಿತು. ಸುಲಭ, ಚೊಕ್ಕಟ. ಒಂದು ತಿಂಗಳು ಅದೇ ಗಂಟನ್ನು ದಿನಕ್ಕೆ ಎರಡು ಸಲ ಅದರಲ್ಲೇ ಬಿಸಿ ಮಾಡಿದೆವು.

ಹೀಗೆ ಪದೇ ಪದೇ ಕಾಯಿಸಿದರೆ ತೌಡಿನಲ್ಲಿದ್ದ ಅಷ್ಟಿಷ್ಟು ತೇವವೂ ಹೋಗುತ್ತದೆ. ತೇವ ಇರುವ ತನಕ ಶಾಖ ಆವಿಯ ಜೊತೆ ಹೊರಗೆ ಹೋಗುತ್ತಿರುತ್ತದೆ. ಅದು ಮುಗಿದ ಮೇಲೆ ಗಂಟಿನ ನಡುವೆ ಎಲ್ಲೋ ಒಂದು ಕಡೆ ಕಾದು ಕಾದು ಕೆಂಡವಾಗುತ್ತದೆ. ಹೊರಗಿನಿಂದ ಮುಟ್ಟಿದರೆ ಬಟ್ಟೆ ಬರೀ ಬೆಚ್ಚಗಿರುತ್ತದೆ. ಅಂಗಡಿಯಲ್ಲಿ ಸಿಗುವ ಗೋಧಿ ತುಂಬಿದ ಶಾಖದ ಚೀಲಗಳಿಂದಲೂ ಹೊರದೇಶಗಳಲ್ಲಿ ಹೀಗೇ ಬೆಂಕಿ ಬಿದ್ದದ್ದಿದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಆಮೇಲೆ ತಿಳಿದು ಏನು ಬಂತು!

ಆ ಸಂಜೆ ಗಂಟು ಇಟ್ಟದ್ದು ಅಮ್ಮ. ದಸರಾಕ್ಕೆ ಬೆಂಗಳೂರಿನಿಂದ ಬಂದಿದ್ದ ನನ್ನ ಸೊಸೆ ಅವಳಿಗೆ ಹೇಳಿಕೊಟ್ಟಿದ್ದಳು, "ಅಜ್ಜಿ, ಕೆಳಗಡೆ ದೊಡ್ಡ ಗುಂಡಿ ಇದೆಯಲ್ಲ, ಅದನ್ನ ಎರಡು ಸಲ ಒತ್ತಿ, ಅಷ್ಟೇ." ಆ ಗುಂಡಿಯ ಮೇಲೆ ಸ್ಟಾರ್ಟ್ ಎಂದು ಇಂಗ್ಲಿಷಿನಲ್ಲಿದೆ. ಅದರ ಪಕ್ಕದಲ್ಲಿ, ನನಗೇ ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣದಾಗಿ, ಒಂದು ಸಲ ಒತ್ತಿದರೆ 30 ಸೆಕೆಂಡು ಎಂಬ ಸೂಚನೆಯಿದೆ. ಅಮ್ಮ ಕನ್ನಡ ಪೇಪರನ್ನು ಮೂಲೆ ಬಿಡದೆ ಓದುವವಳು. ಇಂಗ್ಲಿಷ್ ಬರುವುದಿಲ್ಲ. ಕಿವಿಯೂ ಸ್ವಲ್ಪ ಮಂದ, ಗುಂಡಿಯ ಕೀಂ ಸದ್ದು ಕೇಳಿಸಿಲ್ಲ. ಆನ್ ಆಗಲಿಲ್ಲವೇನೋ ಎಂದು ಮತ್ತೆ ಒತ್ತಿದ್ದಾಳೆ, ಮತ್ತೆ ಒತ್ತಿದ್ದಾಳೆ. "ಲಿಫ್ಟಿನ ಗುಂಡಿ ಒತ್ತಿದ ಹಾಗೆ ಒತ್ತಿದೆ ಕಣೇ" ಎಂದಳು ಪಾಪ. ಹತ್ತು ಸಲ ಒತ್ತಿದ್ದರೆ ಐದು ನಿಮಿಷ ಆಯಿತಲ್ಲ.

ತಪ್ಪು ನಮ್ಮದೇ. ಒಣಗಿದ ತೌಡಿನ ಗಂಟನ್ನು ಬಿಸಿ ಮಾಡಿ ಎಂದು ನೀವೇನೂ ಹೇಳಿರಲಿಲ್ಲ. ಆದರೆ ಮಾಡಬೇಡಿ ಎಂದು ನೀವು ಹೇಳಿದ್ದು ಎಲ್ಲಿ, ಯಾರಿಗೆ, ಯಾವ ಭಾಷೆಯಲ್ಲಿ ಎಂದು ಕೇಳುವುದಕ್ಕೇ ಈ ಪತ್ರ.

ಮರುದಿನ ಬ್ಯಾಂಡೇಜ್ ಕೈಯಲ್ಲೇ ಕೈಪಿಡಿ ಹುಡುಕಿದೆ. ಅಟ್ಟದ ಮೇಲೆ ಥರ್ಮಾಕೋಲಿನ ಜೊತೆ ಪೆಟ್ಟಿಗೆಯಲ್ಲೇ ಇತ್ತು. ಅದರ ಜೊತೆ ದಪ್ಪ ಹಾಳೆಯ, ಬಣ್ಣದ ಚಿತ್ರಗಳ ಒಂದು ಅಡುಗೆ ಪುಸ್ತಕವೂ ಇತ್ತು. ಅದರಲ್ಲಿ ಪಾಸ್ತಾ, ತಂದೂರಿ, ಧೋಕ್ಲಾ, ಕೊನೆಗೆ ಮೈಸೂರು ಪಾಕ್ ಕೂಡ ಇದೆ, ಇಂಗ್ಲಿಷಿನಲ್ಲಿ. ಕೈಪಿಡಿ ಮಾತ್ರ ತೆಳು ಕಾಗದದ್ದು, ಇರುವೆಯಂಥ ಅಕ್ಷರ. ಒಳಗೆ ಹೊಗೆ ಕಂಡರೆ ಬಾಗಿಲು ಮುಚ್ಚಿಯೇ ಇರಲಿ, ಸ್ವಿಚ್ ಆರಿಸಿ, ಪ್ಲಗ್ ಕೀಳಿ ಎಂಬ ಮಾತು ಅದರಲ್ಲಿ ಇದ್ದೇ ಇತ್ತು. ಒಂದು ಸಾಲು. ಇಂಗ್ಲಿಷಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ. ನಿಮ್ಮಲ್ಲಿ ಯಾರ ಕೈಪಿಡಿ ಎಂದು ಹೇಳುವುದಿಲ್ಲ. ಏಕೆಂದರೆ ಅಕ್ಕಪಕ್ಕದ ನಾಲ್ಕು ಮನೆಗಳಿಂದ ಬೇರೆ ಬೇರೆ ಕಂಪನಿಗಳ ಕೈಪಿಡಿ ತರಿಸಿ ನೋಡಿದೆ. ನಾಲ್ಕರಲ್ಲೂ ಕನ್ನಡದ ಒಂದಕ್ಷರ ಇರಲಿಲ್ಲ.

ನೀವು ಕೈಪಿಡಿ ಕೊಡುವುದು ದುಡ್ಡು ಕೊಟ್ಟವರಿಗೆ. ನಮ್ಮ ಮನೆಯಲ್ಲಿ ದುಡ್ಡು ಕೊಟ್ಟವನು ನನ್ನ ಮಗ, ಅವನು ಇರುವುದು ಬೆಂಗಳೂರಿನಲ್ಲಿ. ಯಂತ್ರ ಮುಟ್ಟುವವರು ಅಮ್ಮ, ನಾನು, ಅಡುಗೆಯ ಅಕ್ಕ. ಊರಿನ ಬಹಳ ಮನೆಗಳ ಕಥೆ ಇದೇ. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದದ್ದು, ಮಕ್ಕಳು ಹೊಸದು ಕೊಂಡು ಹಳೆಯದನ್ನು ಅಪ್ಪ ಅಮ್ಮನಿಗೆ ಕಳಿಸಿದ್ದು. ಕೊಂಡವರೇ ಬೇರೆ, ಬಳಸುವವರೇ ಬೇರೆ.

ಡೆಮೊ ಕೊಡುತ್ತೇವಲ್ಲ ಎನ್ನುತ್ತೀರಿ. ಅದನ್ನೂ ಹೇಳುತ್ತೇನೆ. ನಮ್ಮ ಮನೆಗೆ ಬಂದ ಹುಡುಗ ಒಳ್ಳೆಯವನು. ಭದ್ರಾವತಿಯವನು, ಕನ್ನಡದವನೇ. "ಆಂಟಿ, ಕೇಕ್ ಮಾಡಿ ತೋರಿಸ್ತೀನಿ" ಎಂದು ಅಲ್ಯೂಮಿನಿಯಂ ತಟ್ಟೆಯಲ್ಲಿ ಹಿಟ್ಟು ಹುಯ್ದು, ಕನ್ವೆಕ್ಷನ್ ಮೋಡಿನಲ್ಲಿಟ್ಟು ಚೆಂದದ ಕೇಕ್ ಮಾಡಿದ. ನಾವೆಲ್ಲ ತಿಂದೆವು. ಅಡುಗೆಯ ಅಕ್ಕ ಬಾಗಿಲ ಹತ್ತಿರ ನಿಂತು ಕಣ್ಣಿಟ್ಟು ನೋಡಿದರು. ಎರಡು ದಿನದ ಮೇಲೆ ಅವರು ಹಿಂದಿನ ದಿನದ ಹುಳಿಯನ್ನು ಅಂಥದ್ದೇ ಅಲ್ಯೂಮಿನಿಯಂ ಡಬ್ಬಿಯಲ್ಲಿ ಹಾಕಿ ಮೈಕ್ರೋ ಮೋಡಿನಲ್ಲಿಟ್ಟರು. ಡಬ್ಬಿಯ ಮಡಚಿದ ಅಂಚಿನಲ್ಲಿ ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ಬೈದರೆ ಅವರ ಉತ್ತರ ಸರಿಯಾಗೇ ಇತ್ತು: "ಆ ಹುಡುಗ ಇಟ್ಟಿದ್ದ ಅಲ್ವಾ?"

ಹೌದು, ಇಟ್ಟಿದ್ದ. ಕನ್ವೆಕ್ಷನ್ ಎಂದರೆ ಒಳಗೆ ಬಿಸಿಗಾಳಿ ಬೀಸುವ ಮಾಮೂಲಿ ಓವನ್, ಅದಕ್ಕೆ ಲೋಹದ ತಟ್ಟೆ ಆಗುತ್ತದೆ. ಮೈಕ್ರೋ ಎಂದರೆ ಅಲೆಗಳು, ಅವಕ್ಕೆ ಲೋಹ ಆಗದು. ತಿರುಗಿಸಿ ನೋಡಿದರೆ, ಮೈಕ್ರೋದಲ್ಲಿ ನಡೆಯುವ ಪ್ಲಾಸ್ಟಿಕ್ ಡಬ್ಬಿ ಕನ್ವೆಕ್ಷನ್ನಿನಲ್ಲೋ ಗ್ರಿಲ್ಲಿನಲ್ಲೋ ಇಟ್ಟರೆ ಕರಗಿ ಕೆಳಗೆ ಸುರಿಯುತ್ತದೆ. ಒಂದೇ ಪೆಟ್ಟಿಗೆ, ಒಂದೇ ಬಾಗಿಲು, ಒಳಗೆ ಎರಡು ಕಾನೂನು. ಈ ಗೊಂದಲವನ್ನು ತಂದವರು ನೀವು. ಹುಡುಗನಿಗೆ ಕೇಕ್ ಮಾಡಿ ತೋರಿಸು ಎಂದು ಕಲಿಸಿ ಕಳಿಸಿದ್ದೀರಿ, ಇದನ್ನು ಹೇಳು ಎಂದು ಕಲಿಸಿಲ್ಲ.

ಅದರಲ್ಲೂ ನೀವು ಮಾರುತ್ತಿರುವುದು ಸ್ಟೀಲಿನ ನಾಡಿನಲ್ಲಿ. ನಮ್ಮ ಲೋಟ ಸ್ಟೀಲು, ಬಟ್ಟಲು ಸ್ಟೀಲು, ಡಬರಿ ಸ್ಟೀಲು. ಮದುವೆಗೆ ಕೊಡುವ ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಜನ ನಾವು. ಗಾಜಿನ ಬೋಗುಣಿ ನಮ್ಮ ಅಡುಗೆಮನೆಗೆ ನೆಂಟರಿದ್ದ ಹಾಗೆ. ಕೈಗೆ ಮೊದಲು ಸಿಗುವುದು ಸ್ಟೀಲೇ. ಅದರಲ್ಲೊಂದು ಮೋಸವಿದೆ. ನುಣುಪಾದ, ದಪ್ಪ ಅಂಚಿನ ಸ್ಟೀಲ್ ಲೋಟವನ್ನು ನಡುವೆ ಇಟ್ಟರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಹಾಲು ಸರಿಯಾಗಿ ಬಿಸಿಯಾಗುವುದಿಲ್ಲ, ಅಷ್ಟೇ. ಹಾಗಾಗಿ ಜನಕ್ಕೆ ಧೈರ್ಯ ಬರುತ್ತದೆ. ಒಂದು ದಿನ ಲೋಟ ಗೋಡೆಗೆ ತಾಗುವಷ್ಟು ಸರಿದಿರುತ್ತದೆ, ಇಲ್ಲವೇ ಮುಳ್ಳು ಚಮಚ ಒಳಗೆ ಉಳಿದಿರುತ್ತದೆ. ಚೂಪು ತುದಿ, ತೆಳು ಅಂಚು, ಮುದುರಿದ ಫಾಯಿಲ್, ಇವುಗಳ ಹತ್ತಿರ ವಿದ್ಯುತ್ತು ಒತ್ತೊತ್ತಾಗಿ ಸೇರಿ ಗಾಳಿಯಲ್ಲೇ ಕಿಡಿ ಹಾರಿಸುತ್ತದೆ. ಚಿನ್ನದ ಬಣ್ಣದ ಅಂಚಿರುವ ಪಿಂಗಾಣಿ ತಟ್ಟೆಗೂ ಇದೇ ಗತಿ. ಆ ಬಣ್ಣದಲ್ಲಿ ಲೋಹವಿರುತ್ತದೆ ಎಂದು ಯಾರಿಗೆ ಗೊತ್ತು?

ಈ ಯಂತ್ರ ಹುಟ್ಟಿದ್ದೇ ಅಡುಗೆಮನೆಯಲ್ಲಲ್ಲ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರಿಗೆ ಬೇಕಾದ, ಅಲೆ ಹೊರಡಿಸುವ ಮ್ಯಾಗ್ನೆಟ್ರಾನ್ ಕೊಳವೆಯ ಮೇಲೆ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಜೇಬಿನಲ್ಲಿದ್ದ ಮಿಠಾಯಿ ಕರಗಿತು ಎನ್ನುವ ಕಥೆಯನ್ನು ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. ಮನೆಯ ಯಂತ್ರದೊಳಗಿನ ಅಲೆ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತದೆ, ಒಂದು ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಜರಡಿಯ ತೂತು ಒಂದೆರಡು ಮಿಲಿಮೀಟರ್ ಅಷ್ಟೇ, ಹಾಗಾಗಿ ಬೆಳಕು ಹೊರಗೆ ಬರುತ್ತದೆ, ಅಲೆ ಬರುವುದಿಲ್ಲ. ಬಂದರೂ ಯಂತ್ರದಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟ್ ಮೀರಬಾರದು ಎಂಬ ಮಿತಿ ಇದೆ. ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವ, ಜಜ್ಜಿಹೋಗದ ಯಂತ್ರಕ್ಕೆ ಹೆದರಬೇಕಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಬೀದಿಯಲ್ಲಿ ಎಲ್ಲರಿಗೂ ಹೆದರಿಕೆ ಇರುವುದು ಆ ಅಲೆಗಳದ್ದೇ. ಮೈಕ್ರೋವೇವ್ ಊಟ ತಿಂದರೆ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸಾಪ್ ಮೆಸೇಜು ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಅದನ್ನು ಕಳಿಸುವ ಗೆಳತಿಯೇ ಅದೇ ಯಂತ್ರದಲ್ಲಿ ಗಾಜಿನ ಲೋಟದ ನೀರು ಕಾಯಿಸಿ ಕೈ ಸುಟ್ಟುಕೊಂಡಳು. ಇಲ್ಲದ ಅಪಾಯಕ್ಕೆ ಹೆದರುತ್ತೇವೆ, ಇರುವುದು ಗೊತ್ತಿಲ್ಲ.

ಆ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು. ಒಲೆಯ ಮೇಲೆ ನೀರು ತಳದಿಂದ ಕಾಯುತ್ತದೆ, ತಳದಲ್ಲಿ ಗುಳ್ಳೆ ಏಳುತ್ತದೆ, ಕುದಿಯುವುದು ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಮೈಕ್ರೋವೇವಿನಲ್ಲಿ ಚೆನ್ನಾಗಿ ತೊಳೆದ ನುಣುಪು ಲೋಟದ ನೀರಿಗೆ ಗುಳ್ಳೆ ಹುಟ್ಟಲು ಒಂದು ಒರಟು ಜಾಗ ಸಿಗುವುದಿಲ್ಲ. ಕುದಿಯುವ ಬಿಂದು ದಾಟಿದರೂ ನೀರು ಸುಮ್ಮನೆ ಕೂತಿರುತ್ತದೆ, ಕೊಳದ ಹಾಗೆ. ಹೊರಗೆ ತೆಗೆದು ಒಂದು ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಹಾಕಿದಿರೋ, ಪುಡಿಯ ಕಣಕಣಕ್ಕೂ ಗುಳ್ಳೆ ಹುಟ್ಟಿ ಅರ್ಧ ಲೋಟ ನೀರು ಒಟ್ಟಿಗೇ ಮೇಲೆ ಚಿಮ್ಮುತ್ತದೆ. ಮುಖ ಬಗ್ಗಿಸಿಕೊಂಡಿದ್ದರೆ ಮುಖಕ್ಕೇ. ಒಂದು ಮರದ ಚಮಚ ಲೋಟದಲ್ಲಿಟ್ಟು ಕಾಯಿಸಿ, ಜಾಸ್ತಿ ಹೊತ್ತು ಇಡಬೇಡಿ, ತೆಗೆಯುವ ಮುನ್ನ ಅರ್ಧ ನಿಮಿಷ ಬಿಡಿ. ಇಷ್ಟೇ. ಗೆಳತಿಗೆ ಇದನ್ನು ಯಾರೂ ಹೇಳಿರಲಿಲ್ಲ. ನೀರು ಕಾಯಿಸುವುದಕ್ಕೂ ಕೈಪಿಡಿ ಓದಬೇಕಾ ಎಂದು ಅವಳೇ ನಕ್ಕಳು, ಕೈಗೆ ಮುಲಾಮು ಹಚ್ಚಿಕೊಂಡು.

ಮೊಟ್ಟೆಯದೂ ಅದೇ ಜಾತಿ. ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸುಲಿದೇ ಬಿಸಿಗೆ ಇಟ್ಟಿದ್ದರೂ ಒಳಗೆ ಆವಿ ಕಟ್ಟಿಕೊಂಡಿರುತ್ತದೆ, ಹೊರಗೆ ತಂದು ಚಮಚ ಚುಚ್ಚಿದಾಗ ಸಿಡಿಯಬಹುದು. ಇಡಿಯಾಗಿ ಬಿಸಿ ಮಾಡಲೇಬಾರದು. ಮಗುವಿನ ಹಾಲಿನ ಬಾಟಲಿ ಇನ್ನೂ ಕೆಟ್ಟದ್ದು. ಅಲೆ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ, ಅದಕ್ಕೇ ಅಲ್ಲವೇ ನೀವು ಒಳಗೆ ತಿರುಗುವ ತಟ್ಟೆ ಇಟ್ಟಿರುವುದು? ಬಾಟಲಿ ಹೊರಗೆ ಉಗುರುಬೆಚ್ಚಗಿದ್ದು ನಡುವಿನ ಹಾಲು ಬಾಯಿ ಸುಡುವಷ್ಟು ಕಾದಿರುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಡುವ ನಮ್ಮ ಹಳೇ ಪದ್ಧತಿಯೇ ವಾಸಿ.

ಒಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ಲರ್ ಒಂದರಲ್ಲೇ ಇರುವ ಯಂತ್ರ, ಮಾರುವವರಿಗೂ ಒಂದು ಮಾತು. ನಮ್ಮಲ್ಲಿ ಓವನ್ ಅಂದರೆ ವರ್ಷದಲ್ಲಿ ಹತ್ತು ದಿನ ಓವನ್, ಉಳಿದ ದಿನ ಕಪಾಟು. ಪಕ್ಕದ ಮನೆಯವರು ಅದರೊಳಗೆ ಬ್ರೆಡ್ ಪ್ಯಾಕೆಟ್ಟು, ಮಡಚಿದ ಪ್ಲಾಸ್ಟಿಕ್ ಕವರುಗಳ ಕಟ್ಟು ಇಟ್ಟಿದ್ದರು, ಜಿರಲೆ ಹೋಗುವುದಿಲ್ಲ ಎಂದು. ಕ್ರಿಸ್‌ಮಸ್ ರಜೆಗೆ ಬಂದ ಮೊಮ್ಮಗಳು ಕೇಕ್ ಮಾಡಲು ಮೊದಲು ಹತ್ತು ನಿಮಿಷ ಖಾಲಿ ಬಿಸಿ ಮಾಡಬೇಕು ಎಂದು ಫೋನಿನಲ್ಲಿ ನೋಡಿಕೊಂಡು, ಒಳಗೆ ಬಗ್ಗಿ ನೋಡದೆ ಗುಬುಟು ತಿರುಗಿಸಿದಳು. ಆ ಕಮಟು ವಾಸನೆ ನಮ್ಮ ಮನೆಗೂ ಬಂತು, ಮೂರು ದಿನ ಹೋಗಲಿಲ್ಲ. "ಬಿಸಿ ಮಾಡುವ ಮೊದಲು ಒಳಗೆ ನೋಡಿ" ಎಂದು ಗುಬುಟಿನ ಮೇಲೆ ಒಂದು ಸಾಲು ಬರೆಯಲು ಜಾಗ ಇಲ್ಲವೇ?

ಇನ್ನು ಪ್ಲಗ್ಗು. ಇದು ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ವಿಷಯ. ಯಂತ್ರದ ಮುಂದೆ 900 ವಾಟ್ ಎಂದು ದೊಡ್ಡದಾಗಿ ಹಾಕಿರುತ್ತೀರಿ. ಅದು ಊಟಕ್ಕೆ ಸೇರುವ ಶಕ್ತಿ. ಗೋಡೆಯಿಂದ ಅದು ಎಳೆಯುವುದು 1,400 ವಾಟಿನ ಆಸುಪಾಸು. ಕನ್ವೆಕ್ಷನ್ ಮೋಡಿನಲ್ಲಿ 2,000 ದಾಟುವ ಯಂತ್ರಗಳಿವೆ. 230 ವೋಲ್ಟಿಗೆ ಭಾಗಿಸಿದರೆ ಸುಮಾರು 9 ಆಂಪಿಯರ್. ಹಳೇ ಮನೆಗಳ ಅಡುಗೆ ಕಟ್ಟೆಯ ಮೇಲೆ ಇರುವುದು ಮಿಕ್ಸಿಗೆಂದು ಹಾಕಿಸಿದ 6 ಆಂಪಿಯರ್ ಪಾಯಿಂಟು. ನಿಮ್ಮ ಪ್ಲಗ್ ಅದಕ್ಕೆ ಹೋಗುವುದಿಲ್ಲ, ಸರಿ. ಹೋಗಬಾರದೆಂದೇ ದಪ್ಪ ಪಿನ್ ಇರುವುದು. ಆದರೆ ಅಂಗಡಿಯ ಹುಡುಗರೇ ಜೇಬಿನಿಂದ ಒಂದು ಕನ್ವರ್ಟರ್ ತೆಗೆದು ಸಿಕ್ಕಿಸಿ ಹೋಗುತ್ತಾರೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹಾಗೆ ಸಿಕ್ಕಿಸಿದ್ದು ಆರು ತಿಂಗಳಲ್ಲಿ ಕಂದಾಗಿ, ಕರಗಿ, ಗೋಡೆಗೆ ಅಂಟಿಕೊಂಡಿತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ಅದರ ಹಿಂದಿನ ತಂತಿಯ ಮೇಲುಹೊದಿಕೆ ಒಣಗಿದ ಹುಣಸೆ ಸಿಪ್ಪೆಯಂತೆ ಪುಡಿಪುಡಿಯಾಗುತ್ತಿತ್ತು.

ಕೆಟ್ಟರೆ ಬಿಚ್ಚುವುದೂ ಇದೆ. ಟಿವಿ, ಮಿಕ್ಸಿ ರಿಪೇರಿ ಮಾಡುವ ಹುಡುಗರು ಇದನ್ನೂ ಬಿಚ್ಚುತ್ತಾರೆ. ಒಳಗಿನ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟ್ ಕೊಡುತ್ತದೆ, ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ಮುಟ್ಟಿದರೆ ಪ್ರಾಣ ಹೋಗಬಹುದು. ಹಿಂಬದಿಯಲ್ಲಿ ಹಳದಿ ತ್ರಿಕೋನ ಅಂಟಿಸಿದ್ದೀರಿ. ಪಕ್ಕದಲ್ಲಿ ಇಂಗ್ಲಿಷ್.

ಮಾನ್ಯರೇ, ಇದು ಬರೀ ದಯೆ ದಾಕ್ಷಿಣ್ಯದ ಮಾತಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 84ನೇ ಕಲಂ ನಿಮಗೆ ಗೊತ್ತೇ ಇರುತ್ತದೆ. ವಸ್ತುವಿನಿಂದ ಹಾನಿಯಾದರೆ, ಸರಿಯಾಗಿ ಬಳಸುವುದು ಹೇಗೆಂಬ ಸಾಕಷ್ಟು ಸೂಚನೆ ಅಥವಾ ತಪ್ಪಾಗಿ ಬಳಸಿದರೆ ಏನಾಗುತ್ತದೆಂಬ ಎಚ್ಚರಿಕೆ ಇಲ್ಲದಿದ್ದದ್ದಕ್ಕೂ ತಯಾರಕರು ಹೊಣೆ ಎಂದು ಅದು ಹೇಳುತ್ತದೆ. ಓದಲು ಬಾರದ ಭಾಷೆಯ ಎಚ್ಚರಿಕೆ ಸಾಕಷ್ಟು ಎಚ್ಚರಿಕೆಯೇ? ನನ್ನ 84 ವರ್ಷದ ಅಮ್ಮನ ಎದುರು ಕೂತು ಹೇಳಿ ನೋಡೋಣ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರಲ್ಲಿ ಬಳಕೆಯ ವಸ್ತುಗಳ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂಬ ಮಾತಿದೆ. ಆದರೆ ಅದು ನಮ್ಮ ರಾಜ್ಯದಲ್ಲಿ ತಯಾರಾಗುವ ವಸ್ತುಗಳಿಗೆ. ನಮ್ಮ ಮನೆಯದು ಬೇರೆ ಕಡೆ ತಯಾರಾಗಿ ಬಂದದ್ದು. ಬೆಂಕಿಗೆ ಯಾವ ರಾಜ್ಯದ ಯಂತ್ರ ಎಂದು ಗೊತ್ತಾಗುತ್ತದೆಯೇ? ಈ ವಿಷಯದಲ್ಲಿ ನಿಮ್ಮನ್ನು ಹಿಡಿಯುವ ಕಾನೂನು ಇಲ್ಲದಿರಬಹುದು. ಮಾರುಕಟ್ಟೆ ಬೇಕೆಂದಾಗ ಟಿವಿ ಜಾಹೀರಾತನ್ನು ಸೊಗಸಾದ ಕನ್ನಡದಲ್ಲಿ ಮಾಡಲು ನಿಮಗೆ ಬರುತ್ತದಲ್ಲ, ಆ ಬರಹಗಾರರಿಗೇ ಹತ್ತು ಸಾಲು ಬರೆಯಲು ಹೇಳಿ.

ನಾನು ಕೇಳುವುದು ದೊಡ್ಡದೇನಲ್ಲ. ಅಡುಗೆ ಪುಸ್ತಕ ಬೇಕಿಲ್ಲ, ಮೈಸೂರು ಪಾಕ್ ನಮಗೆ ಬರುತ್ತದೆ. ಅದರ ಖರ್ಚಿನಲ್ಲಿ ಯಂತ್ರದ ಬಾಗಿಲ ಮೇಲೆ, ಸುಲಭಕ್ಕೆ ಕಿತ್ತು ಬರದ ಹಾಗೆ, ಒಂದು ಕನ್ನಡದ ಪಟ್ಟಿ ಅಂಟಿಸಿ. ಅಕ್ಷರ ದೊಡ್ಡದಿರಲಿ, ಚಿತ್ರವೂ ಇರಲಿ. ತಮಿಳುನಾಡಿಗೆ ಹೋಗುವುದಕ್ಕೆ ತಮಿಳಿನಲ್ಲಿ, ಆಂಧ್ರಕ್ಕೆ ತೆಲುಗಿನಲ್ಲಿ, ಅದನ್ನು ನಾನು ಹೇಳಬೇಕಿಲ್ಲ. ಡೆಮೊ ಹುಡುಗರು ಮನೆಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ "ಈ ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ?" ಎಂದಾಗಲಿ. ಅವರು ಕೆಲಸಕ್ಕೆ ಬರುವವರಾದರೂ ಸರಿ, ಅಜ್ಜಿಯಾದರೂ ಸರಿ, ಅವರ ಕೈಯಲ್ಲೇ ಗುಂಡಿ ಒತ್ತಿಸಿ ತೋರಿಸಲಿ. ಹೊಗೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿ, ಉತ್ತರ ಬರುವ ತನಕ ಎದ್ದು ಹೋಗದಿರಲಿ. ಕೇಕ್ ಆಮೇಲೆ ಮಾಡಲಿ. 16 ಆಂಪಿಯರ್ ಪಾಯಿಂಟ್ ಇಲ್ಲದ ಮನೆಯಲ್ಲಿ ಯಂತ್ರ ಕೂರಿಸುವುದಿಲ್ಲ ಎಂದು ಹೇಳುವ ಅಧಿಕಾರ ಆ ಹುಡುಗರಿಗೆ ಕೊಡಿ, ಹಾಗೆ ಹೇಳಿದ್ದಕ್ಕೆ ಅವರ ಕಮಿಷನ್ ಕತ್ತರಿಸಬೇಡಿ. ಸಹಾಯವಾಣಿಯಲ್ಲಿ ಕನ್ನಡಕ್ಕೆಂದು ಒಂದು ಅಂಕಿ ಇದೆ. ಒತ್ತಿದರೆ ಹಿಂದಿಯವರೇ ಸಿಕ್ಕುತ್ತಾರೆ. ನಾನು ಮೂರು ಸಲ ಒತ್ತಿ ನೋಡಿದ್ದೇನೆ. ಅದನ್ನೂ ಸರಿ ಮಾಡಿ.

ಈ ಪತ್ರದ ಒಂದು ಪ್ರತಿಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೂ ಕಳಿಸುತ್ತಿದ್ದೇನೆ. ಐಎಸ್ಐ ಗುರುತಿಲ್ಲದ ಮನೆಬಳಕೆ ಸಾಮಾನು ಕೊಳ್ಳಬೇಡಿ ಎಂದು ಅವರು 2021ರ ಡಿಸೆಂಬರಿನಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಮೈಕ್ರೋವೇವ್ ಹೆಸರೂ ಇತ್ತು. ಗುರುತು ನೋಡಿ ಕೊಂಡವರಿಗೂ ಬಳಸುವುದು ಹೇಗೆಂದು ಅವರವರ ಭಾಷೆಯಲ್ಲಿ ತಿಳಿಯಬೇಕು ಎಂದು ಅವರನ್ನು ಕೇಳಿಕೊಂಡಿದ್ದೇನೆ. ಓದುವವರಲ್ಲಿ ಯಾರಿಗಾದರೂ ಇಂಥ ದೂರು ಇದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನೀವು ಮಾಡುವ ತನಕ ಕಾಯಲು ಆಗುವುದಿಲ್ಲವಲ್ಲ. ಹಾಗಾಗಿ ನಮ್ಮ ಮನೆಯ ಯಂತ್ರದ ಬಾಗಿಲಿಗೆ ನಾನೇ ಒಂದು ಹಾಳೆ ಬರೆದು ಅಂಟಿಸಿದ್ದೇನೆ. ಬೋರ್ಡಿನ ಮೇಲೆ ಬರೆಯುತ್ತಿದ್ದ ದಪ್ಪ ಅಕ್ಷರದಲ್ಲಿ. ಏನು ಬರೆಯಬೇಕೆಂದು ಅಡುಗೆಯ ಅಕ್ಕನನ್ನೇ ಕೇಳಿ ಬರೆದೆ. ಅದರಲ್ಲಿ ಹೀಗಿದೆ:

"ಹೊಗೆ ಬಂದರೆ ಬಾಗಿಲು ತೆಗೆಯಬೇಡಿ. ಗೋಡೆ ಸ್ವಿಚ್ ಆರಿಸಿ. ದೂರ ನಿಲ್ಲಿ.
ಸ್ಟೀಲು, ಅಲ್ಯೂಮಿನಿಯಂ, ಚಿನ್ನದ ಅಂಚು ಒಳಗೆ ಬೇಡ. ಕೇಕಿನ ಗುಂಡಿಗೆ ಮಾತ್ರ ತಗಡಿನ ತಟ್ಟೆ.
ಒಣ ಬಟ್ಟೆ, ತೌಡು, ಕಾಗದ ಬೇಡ.
ಬರೀ ನೀರು ಕಾಯಿಸಿದರೆ ಮರದ ಚಮಚ ಹಾಕಿ. ಬಗ್ಗಿ ನೋಡಬೇಡಿ.
ದೊಡ್ಡ ಗುಂಡಿ ಒಂದು ಸಲ ಒತ್ತಿದರೆ ಅರ್ಧ ನಿಮಿಷ. ಅಮ್ಮ, ಎರಡೇ ಸಲ!"

ಕೊನೆಯ ಸಾಲು ಬಿಟ್ಟು ಉಳಿದದ್ದನ್ನು ನೀವು ಹಾಗೇ ಅಚ್ಚು ಹಾಕಿಸಬಹುದು. ನನ್ನ ಹೆಸರು ಬೇಡ, ದುಡ್ಡೂ ಬೇಡ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಶಿವಮೊಗ್ಗ

ವಿ.ಸೂ.: ಕೈ ಸುಟ್ಟಾಗ ಅಮ್ಮ ಟೂತ್‌ಪೇಸ್ಟ್ ತಂದಳು, ಪಕ್ಕದ ಮನೆಯವರು ಮಂಜುಗಡ್ಡೆ ತಂದರು. ಎರಡೂ ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಕೈ ಹಿಡಿಯಿರಿ, ಉಂಗುರ ಬಳೆ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಪಟ್ಟಿಯಲ್ಲಿ ಜಾಗ ಉಳಿದರೆ ಇದನ್ನೂ ಸೇರಿಸಿ.